ಬಂದರು ಊರಿನಲ್ಲಿ ಮೀನು ಕರಿಯುವವರ ಬೀದಿ

ರೈಲು ನಿಲ್ದಾಣದ ಬಾಗಿಲು ದಾಟಿದ ಕೂಡಲೇ ರಸ್ತೆ ಸಮುದ್ರದ ಕಡೆಗೆ ಇಳಿಯತೊಡಗುತ್ತದೆ. ಇಂಗ್ಲೆಂಡಿನ ಯಾರ್ಕ್‌ಶೈರ್ ಕರಾವಳಿಯ ಸಣ್ಣ ಬಂದರು ಊರು ಇದು. ಹೆಸರು ಬೇಕಿಲ್ಲ. ಈ ದಂಡೆಯುದ್ದಕ್ಕೂ ಇಂಥ ಊರುಗಳು ಹಲವಾರಿವೆ, ಒಂದರಲ್ಲಿ ಕಂಡದ್ದು ಬಹುಮಟ್ಟಿಗೆ ಇನ್ನೊಂದರಲ್ಲೂ ಕಾಣಸಿಗುತ್ತದೆ. ಹಳೆಯ ಪದ್ಧತಿಯಲ್ಲಿ ಕರಿದ ಒಳ್ಳೆಯ ಫಿಶ್ ಅಂಡ್ ಚಿಪ್ಸ್, ಅಂದರೆ ಹಿಟ್ಟಿನಲ್ಲಿ ಅದ್ದಿ ಕರಿದ ಮೀನು ಮತ್ತು ದಪ್ಪ ಆಲೂಗಡ್ಡೆ ಹೋಳುಗಳು, ಎಲ್ಲಿ ಸಿಗುತ್ತದೆ, ಹೊರಗಿನಿಂದ ಬಂದವರು ಅದನ್ನು ಗುರುತು ಹಿಡಿಯುವುದು ಹೇಗೆ ಎಂದು ನಡೆದು ನೋಡಬೇಕೆಂದೇ ಇಲ್ಲಿಗೆ ಬಂದೆ.

ಈ ಹುಡುಕಾಟಕ್ಕೆ ಕಾರಣವಿದೆ. ಓದಲು, ಕೆಲಸ ಮಾಡಲು ಇಂಗ್ಲೆಂಡಿಗೆ ಬಂದ ನಮ್ಮವರು ಮೊದಲ ರಜೆಗೆ ಕಡಲ ದಂಡೆಗೆ ಹೋಗುತ್ತಾರೆ. ಕಣ್ಣಿಗೆ ಬಿದ್ದ ಮೊದಲ ಅಂಗಡಿಯಲ್ಲಿ ಒಂದು ಪೊಟ್ಟಣ ಕೊಳ್ಳುತ್ತಾರೆ. ಮೆತ್ತಗಾದ ಹಿಟ್ಟು, ಎಣ್ಣೆ ಕುಡಿದ ಆಲೂಗಡ್ಡೆ. ‘ಇಷ್ಟೇನಾ? ಉಪ್ಪಿಲ್ಲ, ಖಾರವಿಲ್ಲ’ ಎಂದು ಅಲ್ಲಿಗೇ ಕೈಬಿಡುತ್ತಾರೆ. ಈ ಮಾತನ್ನು ನಾನು ಹಲವರ ಬಾಯಲ್ಲಿ ಕೇಳಿದ್ದೇನೆ. ಬ್ರಿಟನ್ನಿನಲ್ಲಿ ಇಂಥ ಅಂಗಡಿಗಳು ಇವತ್ತಿಗೂ ಸುಮಾರು 10,000 ಇವೆ. ಅಷ್ಟೊಂದು ಅಂಗಡಿಗಳು ಉಣಿಸುವ ಜನರ ನಿತ್ಯದ ಊಟವನ್ನು ಒಂದು ಕೆಟ್ಟ ಪೊಟ್ಟಣದಿಂದ ಅಳೆಯುವುದು ನ್ಯಾಯವಲ್ಲ ಎಂದು ನನಗೆ ಅನ್ನಿಸುತ್ತಲೇ ಇತ್ತು.

ಬಂದದ್ದು ಶುಕ್ರವಾರ, ಮಧ್ಯಾಹ್ನದ ಹೊತ್ತಿಗೆ. ಶುಕ್ರವಾರ ಮಾಂಸ ಬಿಟ್ಟು ಮೀನು ತಿನ್ನುವ ಕ್ರೈಸ್ತ ರೂಢಿ ಇಲ್ಲಿ ಧರ್ಮದ ಕಟ್ಟಿನಿಂದ ಸಡಿಲಗೊಂಡರೂ ಅಡುಗೆಯ ಅಭ್ಯಾಸವಾಗಿ ಉಳಿದಿದೆ. ವರ್ಷದಲ್ಲಿ ಗುಡ್ ಫ್ರೈಡೆಯಂದು, ವಾರದಲ್ಲಿ ಶುಕ್ರವಾರದಂದು ಈ ಅಂಗಡಿಗಳಿಗೆ ಬಿಡುವಿಲ್ಲ. ವ್ಯಾಪಾರ ಜೋರಾಗಿರುವ ದಿನ ಕರಿದದ್ದು ಕರಿದ ಹಾಗೇ ಖಾಲಿಯಾಗುತ್ತದೆ. ತಿನ್ನುವವರಿಗೆ ಅದರಿಂದ ಲಾಭವೇ.

ಇಳಿಜಾರಿನ ಅರ್ಧದಲ್ಲಿ ಮೊದಲ ಅಂಗಡಿ ಸಿಕ್ಕಿತು. ಬಾಗಿಲು ಇನ್ನೂ ಹಾಕಿತ್ತು. ಗಾಜಿನ ಮೇಲೆ ಅಂಟಿಸಿದ ಚೀಟಿಯಲ್ಲಿ ಸಮಯ ಬರೆದಿತ್ತು: ಮಧ್ಯಾಹ್ನ ಊಟದ ಹೊತ್ತಿಗೆ ಎರಡು ಗಂಟೆ ಚಿಲ್ಲರೆ, ಸಂಜೆ ಮತ್ತೆ ಕೆಲವು ಗಂಟೆ, ನಡುವೆ ಮುಚ್ಚುವುದು. ಇದನ್ನು ಮೊದಲು ಸೋಮಾರಿತನ ಅಂದುಕೊಳ್ಳುವವರುಂಟು. ಮಧ್ಯದ ಹೊತ್ತಿನಲ್ಲಿ ಒಳಗೆ ಆಲೂಗಡ್ಡೆ ಸುಲಿಯುವುದು, ಮೀನು ಸೀಳುವುದು, ಕೊಬ್ಬು ಸೋಸುವುದು, ಬಾಣಲೆ ತೊಳೆಯುವುದು ನಡೆದಿರುತ್ತದೆ. ದಿನವಿಡೀ ತೆರೆದಿರುವ ಅಂಗಡಿ ಕೆಟ್ಟದ್ದೆಂದು ಹೇಳಲಾರೆ. ಆದರೆ ಬಾಗಿಲು ಹಾಕಿಕೊಂಡು ತಯಾರಿ ನಡೆಸುವವರ ಬಗ್ಗೆ ನನಗೆ ನಂಬಿಕೆ ಹೆಚ್ಚು.

ಇಳಿಜಾರು ಮುಗಿದಲ್ಲಿ ಕಡಲ ದಂಡೆಯ ಮುಖ್ಯ ಬೀದಿ. ಒಂದು ಕಡೆ ಮರಳು, ಇನ್ನೊಂದು ಕಡೆ ಆಟದ ಯಂತ್ರಗಳ ಮಳಿಗೆ, ಐಸ್‌ಕ್ರೀಮ್, ಗೊಂಬೆ, ಅವುಗಳ ನಡುವೆ ಸಾಲು ಸಾಲಾಗಿ ಮೀನಿನಂಗಡಿಗಳು. ‘ಸಾಂಪ್ರದಾಯಿಕ’ ಎಂಬ ಫಲಕ ಬಹುತೇಕ ಎಲ್ಲದರ ಮೇಲೂ ಇತ್ತು. ಫಲಕ ಓದುವುದನ್ನು ಬಿಟ್ಟು ಪ್ರತಿ ಅಂಗಡಿಯ ಗಾಜಿನ ಮುಂದೆ ಒಂದಿಷ್ಟು ಹೊತ್ತು ನಿಂತೆ.

ಮೊದಲು ಗಮನಿಸಿದ್ದು ಉದ್ದುದ್ದ ಪಟ್ಟಿಗಳನ್ನು. ಒಂದು ಅಂಗಡಿಯ ಬಣ್ಣದ ಚಿತ್ರಗಳ ಫಲಕದಲ್ಲಿ ಮೀನಿನ ಜೊತೆಗೆ ಪಿಜ್ಜಾ, ಬರ್ಗರ್, ಕಬಾಬ್, ಕೋಳಿಕಾಲು ಎಲ್ಲವೂ ಇದ್ದವು. ಅಷ್ಟನ್ನೂ ಒಂದೇ ಅಡುಗೆಮನೆ ಮಾಡಬೇಕಾದರೆ ಹೆಚ್ಚಿನವು ಮೊದಲೇ ತಯಾರಾಗಿ ಬಂದಿರಬೇಕು. ಇದು ನನ್ನ ಊಹೆ, ಒಳಗೆ ಹೋಗಿ ನೋಡಲಿಲ್ಲ. ಇನ್ನೊಂದು ಅಂಗಡಿಯಲ್ಲಿ ಕರಿದ ಮೀನುಗಳು ಗಾಜಿನ ಬಿಸಿ ಪೆಟ್ಟಿಗೆಯಲ್ಲಿ ದೀಪದಡಿ ಸಾಲಾಗಿ ಮಲಗಿದ್ದವು. ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಅಂದಮೇಲೆ ಅವನ್ನು ಯಾವಾಗ ಕರಿದರು? ಕೊನೆಯ ಮೀನಿನ ಹಿಟ್ಟು ಮೇಲ್ಭಾಗದಲ್ಲಿ ಗರಿಯಾಗಿದ್ದು, ಕೆಳಗೆ ತಟ್ಟೆಗೆ ತಾಗಿದ ಕಡೆ ಬೆವರಿ ಬಣ್ಣ ಮಾಸಿತ್ತು. ಮೀನಿನೊಳಗಿನ ಹಬೆ ಹೊರಬರಲು ದಾರಿಯಿಲ್ಲದೆ ಹಿಟ್ಟಿಗೇ ಹಿಂತಿರುಗಿದ ಗುರುತು ಅದು. ರುಚಿ ನೋಡದೆ ಮುಂದೆ ಹೋದೆ.

ದಂಡೆಯ ಬೆಂಚುಗಳ ಮೇಲೆ ಜನ ಪೊಟ್ಟಣ ಬಿಚ್ಚಿ ತಿನ್ನುತ್ತಿದ್ದರು. ಕಡಲಹಕ್ಕಿಗಳಿಗೆ ತಿನ್ನಿಸಬೇಡಿ ಎಂಬ ಎಚ್ಚರಿಕೆಯ ಫಲಕದ ಮೇಲೇ ಒಂದು ಹಕ್ಕಿ ಕೂತಿತ್ತು. ಈ ಹಕ್ಕಿಗಳು ಕೈಯಿಂದಲೇ ಕಿತ್ತುಕೊಂಡು ಹೋಗುತ್ತವೆ, ಹಾಗಾಗಿ ಗೋಡೆಗೆ ಬೆನ್ನು ಕೊಟ್ಟು ಕೂರುವುದು ಇಲ್ಲಿನವರ ಅಭ್ಯಾಸ. ತಿನ್ನುವವರ ಪೊಟ್ಟಣಗಳನ್ನೂ ನೋಡಿದೆ. ಎಲ್ಲವೂ ರಟ್ಟಿನ ಡಬ್ಬಿಗಳೇ. ಇಂಗ್ಲೆಂಡಿನಲ್ಲಿ 2023ರ ಅಕ್ಟೋಬರಿನಿಂದ ಬಿಳಿಯ ಥರ್ಮೋಕೋಲ್ ಡಬ್ಬಿಗಳಿಗೆ ನಿಷೇಧವಿದೆ. ಹಳಬರು ನೆನಪಿಸಿಕೊಳ್ಳುವ ಸುದ್ದಿಪತ್ರಿಕೆಯ ಪೊಟ್ಟಣ ಅದಕ್ಕೂ ಎಷ್ಟೋ ಮೊದಲು, 1980ರ ದಶಕದಲ್ಲಿ, ಮಸಿ ಆಹಾರಕ್ಕೆ ತಾಗಬಾರದೆಂಬ ಕಾರಣಕ್ಕೆ ಮರೆಯಾಯಿತು. ರಟ್ಟಿನ ಡಬ್ಬಿಗೆ ಮೂಲೆಯಲ್ಲಿ ತೂತುಗಳಿರುವುದನ್ನು ಕಂಡೆ. ಹಬೆ ಹೊರಹೋಗಲೆಂದು ಮಾಡಿದ್ದು. ಸಣ್ಣ ಸಂಗತಿ, ಆದರೆ ಗರಿ ಉಳಿಯುವುದೂ ಹೋಗುವುದೂ ಆ ತೂತಿನ ಮೇಲೆ ನಿಂತಿದೆ.

ಮುಖ್ಯ ಬೀದಿ ಬಿಟ್ಟು ಎಡಕ್ಕೆ ತಿರುಗುವ ಕಿರಿದಾದ ಓಣಿ ಹಿಡಿದೆ. ಕಲ್ಲು ಹಾಸಿದ ದಾರಿ, ಎರಡೂ ಕಡೆ ಮೀನುಗಾರರ ಹಳೆಯ ಮನೆಗಳು. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಗಾಳಿಯ ವಾಸನೆ ಬದಲಾಯಿತು. ದಂಡೆಯಲ್ಲಿ ಇದ್ದದ್ದು ಹಳೆಯ ಎಣ್ಣೆಯ ಕಮಟು, ಗಂಟಲಿಗೆ ಹತ್ತುವಂಥದ್ದು. ಇಲ್ಲಿಯದು ಮಾಂಸದ ಘಾಟು ಸ್ವಲ್ಪ ಬೆರೆತ, ದಟ್ಟವಾದ, ಆದರೆ ಸ್ವಚ್ಛವಾದ ವಾಸನೆ. ಅದರ ಮೂಲ ಯಾವುದೆಂದು ಆ ಕ್ಷಣಕ್ಕೆ ಖಚಿತವಾಗಲಿಲ್ಲ, ಆಮೇಲೆ ಒಳಗೆ ತಿಳಿಯಿತು.

ಅಂಗಡಿಯ ಮುಂಬಾಗಿಲಿಗೆ ಹೋಗುವ ಮೊದಲು ಹಿತ್ತಿಲ ಬಾಗಿಲು ಎದುರಾಯಿತು. ಅಲ್ಲಿ ಮಣ್ಣು ಮೆತ್ತಿದ ಆಲೂಗಡ್ಡೆಯ ಕಾಗದದ ಚೀಲಗಳನ್ನು ಪೇರಿಸಿಟ್ಟಿದ್ದರು. ಚೀಲಕ್ಕೆ ಹೊಲಿದ ಚೀಟಿಯಲ್ಲಿ ತಳಿಯ ಹೆಸರಿತ್ತು: ಮ್ಯಾರಿಸ್ ಪೈಪರ್. ಕೇಂಬ್ರಿಡ್ಜಿನಲ್ಲಿ ಬೆಳೆಸಿ 1966ರಲ್ಲಿ ರೈತರ ಕೈಗೆ ಕೊಟ್ಟ ತಳಿ ಇದು, ಚಿಪ್ಸ್ ಮಾಡುವವರ ಅಚ್ಚುಮೆಚ್ಚು. ನೀರಿನಂಶ ಕಡಿಮೆ, ಪಿಷ್ಟ ಹೆಚ್ಚು, ಹಾಗಾಗಿ ಹೊರಗೆ ಗರಿಯಾಗಿ ಒಳಗೆ ಹುಡಿಹುಡಿಯಾಗಿ ಬೇಯುತ್ತದೆ. ತೆರೆದ ಬಾಗಿಲಿನಿಂದ ಗಡಗಡ ಸದ್ದು ಬರುತ್ತಿತ್ತು. ಉರುಳುವ ಡ್ರಮ್ಮಿನ ಒಳಗೋಡೆ ಒರಟಾಗಿದ್ದು, ನೀರು ಸುರಿಯುತ್ತಾ ಆಲೂಗಡ್ಡೆಗಳ ಸಿಪ್ಪೆ ತಾನಾಗಿ ಉಜ್ಜಿಹೋಗುವ ಯಂತ್ರ. ಇವರು ಅದನ್ನು ರಂಬ್ಲರ್ ಅನ್ನುತ್ತಾರೆ. ಮುಂದೆ ಒಬ್ಬ ಹುಡುಗ ಸಣ್ಣ ಚಾಕು ಹಿಡಿದು, ಯಂತ್ರ ಬಿಟ್ಟ ಕಣ್ಣುಗಳನ್ನು ಒಂದೊಂದಾಗಿ ತೆಗೆಯುತ್ತಿದ್ದ. ಹೆಪ್ಪುಗಟ್ಟಿದ ಚಿಪ್ಸ್ ಚೀಲದಲ್ಲಿ ತರಿಸುವ ಅಂಗಡಿಗೆ ಈ ಯಂತ್ರವೂ ಬೇಡ, ಈ ಹುಡುಗನೂ ಬೇಡ. ಹಾಗಾಗಿ ಒಳ್ಳೆಯ ಅಂಗಡಿ ಹುಡುಕುವವರು ಸಾಧ್ಯವಾದರೆ ಹಿತ್ತಿಲನ್ನು ಮೊದಲು ನೋಡಬೇಕು.

ಮುಂದೆ ಬಂದರೆ ಸರದಿ ಓಣಿಯ ತಿರುವಿನ ತನಕ ಬೆಳೆದಿತ್ತು. ಕೆಲಸದ ಬೂಟು ಹಾಕಿದವರು, ಶಾಲೆಯ ಸಮವಸ್ತ್ರದ ಮಕ್ಕಳು, ಊರುಗೋಲು ಹಿಡಿದ ಅಜ್ಜಿಯರು. ಕ್ಯಾಮೆರಾ ತೂಗುಹಾಕಿಕೊಂಡವರು ಕಡಿಮೆ. ನಾನೂ ಬಾಲಕ್ಕೆ ನಿಂತೆ. ಸರದಿ ಸಾಗುವ ವೇಗವನ್ನು ಗಮನಿಸಿದೆ. ಒಂದಷ್ಟು ಹೊತ್ತು ಒಂದೇ ಕಡೆ ನಿಲ್ಲುವುದು, ಆಮೇಲೆ ನಾಲ್ಕೈದು ಜನ ಒಟ್ಟಿಗೆ ಹೊರಬರುವುದು. ಮೀನು ಆಗಾಗ ಬಾಣಲೆಗೆ ಬೀಳುತ್ತಿದೆ, ಪೆಟ್ಟಿಗೆಯಲ್ಲಿ ಕಾಯುತ್ತಿಲ್ಲ ಎಂದು ಅದರಿಂದಲೇ ಗೊತ್ತಾಗುತ್ತದೆ.

ಬಾಗಿಲ ಪಕ್ಕದ ಗೋಡೆಯಲ್ಲಿ ಕಪ್ಪು ಬಿಳುಪಿನ ಚಿತ್ರವೊಂದು ತೂಗಿತ್ತು. ಇದೇ ಓಣಿ, ಇದೇ ಕಿಟಕಿ, ಏಪ್ರನ್ ಕಟ್ಟಿದ ಇಬ್ಬರು. ಯಾವ ಕಾಲದ್ದೋ, ಕೆಳಗೆ ಇಸವಿ ಇರಲಿಲ್ಲ. ಈ ಊಟದ ಕಥೆ ಮಾತ್ರ ಸಾಕಷ್ಟು ಸ್ಪಷ್ಟವಾಗಿದೆ. ಹಿಟ್ಟು ಹಚ್ಚಿ ಮೀನು ಕರಿಯುವ ಪದ್ಧತಿಯನ್ನು ಇಂಗ್ಲೆಂಡಿಗೆ ತಂದವರು ಸ್ಪೇನ್, ಪೋರ್ಚುಗಲ್‌ಗಳಿಂದ ಬಂದ ಯಹೂದಿಗಳು. ಸಬ್ಬತ್ತಿನ ದಿನ ಒಲೆ ಹೊತ್ತಿಸಬಾರದಾದ್ದರಿಂದ ಹಿಂದಿನ ದಿನವೇ ಕರಿದಿಟ್ಟು ತಣ್ಣಗೆ ತಿನ್ನುತ್ತಿದ್ದರು. 1830ರ ದಶಕದ ಕೊನೆಯಲ್ಲಿ ಬಂದ ‘ಆಲಿವರ್ ಟ್ವಿಸ್ಟ್’ ಕಾದಂಬರಿಯಲ್ಲೇ ಲಂಡನ್ನಿನ ಕರಿದ ಮೀನಿನ ಮಳಿಗೆಯ ಪ್ರಸ್ತಾಪವಿದೆ. ಅದರ ಜೊತೆಗೆ ಬಿಸಿ ಚಿಪ್ಸ್ ಕೂಡಿಸಿ ಮಾರಿದ ಮೊದಲ ಅಂಗಡಿ 1860ರ ದಶಕದ್ದು. ಲಂಡನ್ನಿನ ಪೂರ್ವಭಾಗದವರು ಅದು ತಮ್ಮದೆನ್ನುತ್ತಾರೆ, ಲ್ಯಾಂಕಶೈರಿನವರು ತಮ್ಮದೆನ್ನುತ್ತಾರೆ, ವ್ಯಾಜ್ಯ ಇತ್ಯರ್ಥವಾಗಿಲ್ಲ. ಉಗಿ ಹಡಗುಗಳು ಬಲೆ ಎಳೆಯತೊಡಗಿ, ಐಸಿನಲ್ಲಿಟ್ಟ ಮೀನನ್ನು ರೈಲು ಒಳನಾಡಿಗೆ ಹೊತ್ತೊಯ್ದ ಮೇಲೆ ಗಿರಣಿ ಕೆಲಸದವರಿಗೆ ಇದು ಅಗ್ಗದ ಬಿಸಿಯೂಟವಾಯಿತು. ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ಅಂಗಡಿಗಳ ಸಂಖ್ಯೆ ಸುಮಾರು 35,000 ಮುಟ್ಟಿತ್ತು. ಎರಡನೇ ಯುದ್ಧದಲ್ಲಿ ಮಾಂಸ, ಬೆಣ್ಣೆ, ಸಕ್ಕರೆಗೆ ಪಡಿತರ ಬಂದರೂ ಮೀನು ಮತ್ತು ಆಲೂಗಡ್ಡೆಯನ್ನು ಹೊರಗಿಟ್ಟರು. ಕಷ್ಟಕಾಲದಲ್ಲಿ ಹೊಟ್ಟೆ ತುಂಬಿಸಿದ ಊಟ ಎಂಬ ಅಭಿಮಾನ ಇಲ್ಲಿನ ಹಿರಿಯರ ಮಾತಿನಲ್ಲಿ ಇವತ್ತಿಗೂ ಕೇಳುತ್ತದೆ.

ಸರದಿ ಬಾಗಿಲೊಳಗೆ ಹೊಕ್ಕಿತು. ಒಳಗೆ ಬಿಳಿ ಹೆಂಚಿನ ಗೋಡೆ, ಎದೆಮಟ್ಟದ ಕಟ್ಟೆ, ಅದರ ಹಿಂದೆ ಉದ್ದಕ್ಕೂ ಹೊಳೆಯುವ ಉಕ್ಕಿನ ಒಲೆ, ಅದರಲ್ಲಿ ಮುಚ್ಚಳವಿದ್ದ ದೊಡ್ಡ ಬಾಣಲೆಗಳು. ಗೋಡೆಯ ಪಟ್ಟಿಯಲ್ಲಿ ಕೆಲವೇ ಸಾಲು: ಹ್ಯಾಡಕ್, ಕಾಡ್, ಚಿಪ್ಸ್, ಫಿಶ್‌ಕೇಕ್, ಬಟಾಣಿ, ಕರಿ ಸಾಸ್, ಬ್ರೆಡ್ ಮತ್ತು ಬೆಣ್ಣೆ, ಚಹಾ. ಮೊದಲ ಹೆಸರು ಹ್ಯಾಡಕ್ ಆಗಿದ್ದದ್ದು ಆಕಸ್ಮಿಕವಲ್ಲ. ದಕ್ಷಿಣದವರು ಕಾಡ್ ಮೀನು ಕೇಳುತ್ತಾರೆ, ಯಾರ್ಕ್‌ಶೈರ್ ಮತ್ತು ಸ್ಕಾಟ್ಲೆಂಡಿನವರಿಗೆ ಹ್ಯಾಡಕ್ ಬೇಕು. ಹ್ಯಾಡಕ್ ಸ್ವಲ್ಪ ತೆಳು, ಸ್ವಲ್ಪ ಸಿಹಿ. ಇಲ್ಲಿ ಸಾಮಾನ್ಯವಾಗಿ ಅದರ ಚರ್ಮ ತೆಗೆದೇ ಕರಿಯುತ್ತಾರೆ. ಫಿಶ್‌ಕೇಕ್ ಕೂಡ ಈ ಸೀಮೆಯದ್ದು ಬೇರೆ: ಎರಡು ಆಲೂಗಡ್ಡೆ ಬಿಲ್ಲೆಗಳ ನಡುವೆ ಮೀನಿಟ್ಟು ಹಿಟ್ಟಿನಲ್ಲಿ ಅದ್ದಿ ಕರಿದದ್ದು.

ಕಟ್ಟೆ ತಲುಪಿದಾಗ ಮೊದಲು ಒಂದು ಪ್ರಶ್ನೆ ಕೇಳಿದೆ.

“ಯಾವುದರಲ್ಲಿ ಕರಿಯುತ್ತೀರಿ?”

“ದನದ ಕೊಬ್ಬಿನಲ್ಲಿ, ಲವ್. ಮೊದಲಿನಿಂದಲೂ ಅದೇ,” ಎಂದರು ಕಟ್ಟೆಯ ಹಿಂದಿನ ಹೆಂಗಸು, ಮುಚ್ಚುಮರೆಯಿಲ್ಲದೆ. ಇಲ್ಲಿ ಗುರುತಿಲ್ಲದವರನ್ನೂ ಹಾಗೇ ಕರೆಯುತ್ತಾರೆ.

ಓಣಿಯಲ್ಲಿ ಮೂಗಿಗೆ ಬಂದ ಘಾಟಿನ ಗುಟ್ಟು ಇದೇ. ಯಾರ್ಕ್‌ಶೈರಿನಲ್ಲಿ ಹಳೆಯ ಪದ್ಧತಿ ಅಂದರೆ ಡ್ರಿಪಿಂಗ್, ಅಂದರೆ ಕರಗಿಸಿ ಶುದ್ಧ ಮಾಡಿದ ದನದ ಕೊಬ್ಬು. ತಣ್ಣಗಿದ್ದಾಗ ಅದು ಬಿಳಿ ಗಟ್ಟಿ ಇಟ್ಟಿಗೆ, ರಟ್ಟಿನ ಪೆಟ್ಟಿಗೆಯಲ್ಲಿ ಬರುತ್ತದೆ. ಹೆಚ್ಚು ಕಾವು ತಡೆದು ಮೀನಿಗೂ ಚಿಪ್ಸಿಗೂ ಗಾಢವಾದ ರುಚಿ, ಒಣ ಗರಿ ಕೊಡುತ್ತದೆ. ದಕ್ಷಿಣ ಇಂಗ್ಲೆಂಡಿನಲ್ಲಿ ಹೆಚ್ಚಾಗಿ ಸಸ್ಯದೆಣ್ಣೆ ಬಳಸುತ್ತಾರೆ.

ಕನ್ನಡದ ಓದುಗರಿಗೆ ಇದನ್ನು ಬಿಡಿಸಿ ಹೇಳಲೇಬೇಕು. ಮೀನು ಬೇಡ, ಬರೀ ಚಿಪ್ಸ್ ಸಾಕು ಎಂದು ಕೊಳ್ಳುವ ಸಸ್ಯಾಹಾರಿಗಳು ಉತ್ತರ ಇಂಗ್ಲೆಂಡಿನಲ್ಲಿ ಗೊತ್ತಿಲ್ಲದೆ ದನದ ಕೊಬ್ಬಿನಲ್ಲಿ ಕರಿದದ್ದನ್ನು ತಿನ್ನುವ ಸಾಧ್ಯತೆ ನಿಜವಾಗಿಯೂ ಇದೆ. ಆಲೂಗಡ್ಡೆ ಎಂಬ ಹೆಸರು ನೋಡಿ ನಿಶ್ಚಿಂತರಾಗಬೇಡಿ. ದನದ ಮಾಂಸ ತಿನ್ನದ ಮೀನು ಪ್ರಿಯರಿಗೂ ಇದೇ ಮಾತು. ಕೇಳಿದರೆ ಯಾರೂ ಬೇಸರಪಡುವುದಿಲ್ಲ. ಒಳ್ಳೆಯ ಅಂಗಡಿಯವರು ತಾವು ಬಳಸುವುದನ್ನು ಹೆಮ್ಮೆಯಿಂದಲೇ ಹೇಳುತ್ತಾರೆ, ಹಲವರು ಬಾಗಿಲ ಮೇಲೇ ಬರೆದಿರುತ್ತಾರೆ. ಸಸ್ಯದೆಣ್ಣೆ ಎಂದು ಉತ್ತರ ಬಂದರೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಮೀನು ಕರಿದ ಎಣ್ಣೆಯಲ್ಲೇ ಚಿಪ್ಸ್ ಕರಿಯುತ್ತೀರಾ, ಬೇರೆ ಬಾಣಲೆ ಇದೆಯಾ ಎಂದು. ನನಗೆ ಈ ಕೊಬ್ಬಿನಿಂದ ಅಡ್ಡಿಯಿರಲಿಲ್ಲ, ಒಂದು ಹ್ಯಾಡಕ್ ಮತ್ತು ಚಿಪ್ಸ್ ಹೇಳಿದೆ. “ಮೀನಿಗೆ ಐದಾರು ನಿಮಿಷ ಆಗುತ್ತೆ, ಪರವಾಗಿಲ್ವಾ?” ಎಂದರು. ಆ ದಿನ ಕೇಳಿದ ಮಾತುಗಳಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟ ಮಾತು ಅದು.

ಕಾಯುತ್ತಾ ಕರಿಯುವವರ ಕೈ ನೋಡಿದೆ. ಸ್ಟೀಲ್ ಬೋಗುಣಿಯಲ್ಲಿ ಮೈದಾ ಮತ್ತು ತಣ್ಣೀರಿನ ಹಿಟ್ಟು, ಸುರಿದರೆ ಎಳೆಯಾಗಿ ಬೀಳುವ ಹದ. ಮುಳ್ಳು ತೆಗೆದು ಉದ್ದಕ್ಕೆ ಸೀಳಿದ ಮೀನಿನ ಹೋಳನ್ನು ಮೊದಲು ಒಣ ಹಿಟ್ಟಿನಲ್ಲಿ ಹೊರಳಿಸಿದರು. ಬಾಲದ ತುದಿ ಹಿಡಿದು ಬೋಗುಣಿಗೆ ಅದ್ದಿ, ಅಂಚಿಗೆ ಒಮ್ಮೆ ಸವರಿ ಹೆಚ್ಚಿನದನ್ನು ಇಳಿಸಿದರು. ಆಮೇಲೆ ತಮ್ಮಿಂದ ಆಚೆ ಕಡೆಗೆ ನಿಧಾನವಾಗಿ ಕೊಬ್ಬಿನೊಳಗೆ ಬಿಡುತ್ತಾ, ಪೂರ್ತಿ ಕೈಬಿಡದೆ ಒಂದೆರಡು ಕ್ಷಣ ಅತ್ತಿತ್ತ ಆಡಿಸಿದರು. ಹಿಟ್ಟು ಗಟ್ಟಿಯಾಗಿ ಮೀನು ತಾನೇ ತೇಲುವ ಹಂತ ಬಂದ ಮೇಲೆ ಬಾಲ ಬಿಟ್ಟರು. ಕೈಬಿಟ್ಟ ಕೂಡಲೇ ತಳಕ್ಕಿಳಿದರೆ ಜಾಲರಿಗೆ ಅಂಟಿಕೊಳ್ಳುತ್ತದೆ.

ಕೊಬ್ಬಿನ ಕಾವು ಸುಮಾರು 180 ಡಿಗ್ರಿ ಸೆಲ್ಸಿಯಸ್. ತಣ್ಣಗಿನ ಹಿಟ್ಟು ಆ ಕಾವಿಗೆ ತಾಗಿದ್ದೇ ನೀರು ಹಬೆಯಾಗಿ ಸಿಡಿದು ಹೊರಗೆ ನುಗ್ಗುತ್ತದೆ. ಹಬೆ ಹೊರಗೆ ತಳ್ಳುತ್ತಿರುವ ತನಕ ಕೊಬ್ಬು ಒಳಗೆ ಬರಲಾರದು. ಹಿಟ್ಟಿನ ಗೂಡಿನೊಳಗೆ ಮೀನು ತನ್ನ ನೀರಿನಲ್ಲೇ ಬೇಯುತ್ತದೆ. ನಮ್ಮ ಬಜ್ಜಿ ಹಾಕುವವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು: ಕಾವು ಇಳಿದರೆ ಬಜ್ಜಿ ಎಣ್ಣೆ ಕುಡಿಯುತ್ತದೆ, ಏರಿದರೆ ಹೊರಗೆ ಕಪ್ಪಾಗಿ ಒಳಗೆ ಹಸಿ ಉಳಿಯುತ್ತದೆ. ಈ ಮನುಷ್ಯ ಒಂದು ಸಲಕ್ಕೆ ಕೆಲವೇ ಮೀನು ಬಿಡುತ್ತಿದ್ದರು. ಸರದಿ ಎಷ್ಟೇ ಉದ್ದವಿದ್ದರೂ ಬಾಣಲೆ ತುಂಬಿಸಲಿಲ್ಲ. ಬಾಣಲೆ ತುಂಬಿದರೆ ಕಾವು ಕುಸಿಯುತ್ತದೆ. ಅವರು ಗಡಿಯಾರ ನೋಡಿದ್ದನ್ನು ನಾನು ಕಾಣಲಿಲ್ಲ, ಬಹುಶಃ ಸದ್ದು ಕೇಳುತ್ತಿದ್ದರು. ಮೊದಲು ಜೋರಾಗಿ ಸಿಡಿಯುತ್ತಿದ್ದದ್ದು ಸಣ್ಣ ಚುರುಚುರು ಸದ್ದಿಗೆ ಇಳಿದಾಗ ಜಾಲರಿ ಸೌಟಿನಲ್ಲಿ ಎತ್ತಿ ನಿಲ್ಲಿಸಿ, ಕೊಬ್ಬು ಸೋರಿಹೋಗಲು ಬಿಟ್ಟರು.

ಪಕ್ಕದ ಬಾಣಲೆಯಲ್ಲಿ ಚಿಪ್ಸ್. ಹೆಬ್ಬೆರಳ ದಪ್ಪ, ಅಳತೆ ಒಂದೇ ಸಮ ಇಲ್ಲ. ದಪ್ಪ ಹೋಳಿಗೆ ಮೇಲ್ಮೈ ಕಡಿಮೆಯಾದ್ದರಿಂದ ಕೊಬ್ಬು ಹಿಡಿಯುವುದೂ ಕಡಿಮೆ. ಇದರ ಬಣ್ಣದಲ್ಲೂ ಒಂದು ಪಾಠವಿದೆ. ಆಲೂಗಡ್ಡೆಯನ್ನು ತೀರಾ ತಣ್ಣಗೆ ಇಟ್ಟರೆ ಪಿಷ್ಟ ಸಕ್ಕರೆಯಾಗಿ, ಕರಿದಾಗ ಬೇಗ ಕಂದು ಹತ್ತುತ್ತದೆ. ಬೇಸಿಗೆಯ ಆರಂಭದಲ್ಲಿ ಹೊಸ ಬೆಳೆ ಬಂದಾಗಲೂ ಕೆಲವು ವಾರ ಇದೇ ಸಮಸ್ಯೆ. ಒಳ್ಳೆಯ ಅಂಗಡಿಯವರು ಆಗ ‘ಹೊಸ ಆಲೂಗಡ್ಡೆ, ಬಣ್ಣ ಸ್ವಲ್ಪ ವ್ಯತ್ಯಾಸವಾಗುತ್ತದೆ’ ಎಂದು ಚೀಟಿ ಅಂಟಿಸುವುದುಂಟು. ಇಲ್ಲಿ ಆ ದಿನ ಚಿಪ್ಸ್ ತಿಳಿ ಬಂಗಾರದ ಬಣ್ಣದಲ್ಲಿದ್ದವು, ಅಂಚು ಮಾತ್ರ ಗಾಢ.

“ಉಪ್ಪು, ವಿನಿಗರ್? ಸ್ಕ್ರ್ಯಾಪ್ಸ್ ಹಾಕಲಾ?” ಎಂದು ಕೇಳಿದರು. ಕರಿಯುವಾಗ ಉದುರಿದ ಹಿಟ್ಟಿನ ಗರಿ ಚೂರುಗಳೇ ಸ್ಕ್ರ್ಯಾಪ್ಸ್. ಕೇಳಿದರೆ ಹಣ ತೆಗೆದುಕೊಳ್ಳದೆ ಚಿಪ್ಸಿನ ಮೇಲೆ ಉದುರಿಸುತ್ತಾರೆ. ಹಾಕಿ ಎಂದೆ. ಕಟ್ಟೆಯ ಮೇಲಿನ ಬಾಟಲಿ ಎತ್ತಿ ನೋಡಿದೆ: ಬಾರ್ಲಿಯಿಂದ ತಯಾರಾದ ಮಾಲ್ಟ್ ವಿನಿಗರ್. ಅನೇಕ ಅಂಗಡಿಗಳಲ್ಲಿ ಇರುವುದು ಅಸಿಟಿಕ್ ಆಮ್ಲಕ್ಕೆ ನೀರು, ಬಣ್ಣ ಬೆರೆಸಿದ ಅಗ್ಗದ ದ್ರವ. ಅದನ್ನು ಕಾನೂನು ಪ್ರಕಾರ ವಿನಿಗರ್ ಎಂದು ಕರೆಯುವಂತಿಲ್ಲ, ಚೀಟಿಯಲ್ಲಿ ‘ನಾನ್ ಬ್ರೂಡ್ ಕಾಂಡಿಮೆಂಟ್’ ಎಂದಿರುತ್ತದೆ. ಕೆಲವರಿಗೆ ಅದರ ಚುರುಕು ಹುಳಿಯೇ ಇಷ್ಟ, ಆದರೆ ಮಾಲ್ಟ್ ವಿನಿಗರಿನ ಮೃದುವಾದ ಘಮ ಅದಕ್ಕಿಲ್ಲ. ಮೇಲೆ ಹಾಕುವ ವಿಷಯದಲ್ಲಿ ಊರೂರಿಗೂ ಹಟವಿದೆ. ಹಲ್ ನಗರದಲ್ಲಿ ಕೆಂಪು ಬಣ್ಣದ ಚಿಪ್ ಸ್ಪೈಸ್, ಎಡಿನ್‌ಬರೋದಲ್ಲಿ ನೀರಾದ ಕಂದು ಸಾಸ್, ಲ್ಯಾಂಕಶೈರಿನಲ್ಲಿ ಗ್ರೇವಿ.

ಪೊಟ್ಟಣ ಬೇಡ, ಇಲ್ಲೇ ತಿನ್ನುತ್ತೇನೆ ಎಂದೆ. ಅಂಗಡಿಯ ಹಿಂದೆ ಕೂತು ತಿನ್ನುವ ಕೋಣೆ. ಪ್ಲಾಸ್ಟಿಕ್ ಹಾಸಿದ ಮೇಜುಗಳು, ಗೋಡೆಯ ಮೇಲೆ ದೋಣಿಗಳ ಚಿತ್ರ. ತಟ್ಟೆಯ ಜೊತೆ ಬೆಣ್ಣೆ ಹಚ್ಚಿದ ಬಿಳಿ ಬ್ರೆಡ್ಡಿನ ಎರಡು ಹೋಳು, ಒಂದು ಕೆಟಲ್ ಚಹಾ. ಉತ್ತರದ ಮೀನಿನ ಹೋಟೆಲುಗಳಲ್ಲಿ ಈ ಕೂಟಕ್ಕೆ ಹಳೆಯ ಬಳಕೆಯಿದೆ. ಚಹಾದ ಒಗರು ಕೊಬ್ಬನ್ನು ಕಡಿಯುತ್ತದೆ, ಬ್ರೆಡ್ಡಿನ ನಡುವೆ ಚಿಪ್ಸ್ ಇಟ್ಟು ಮಡಿಸಿದರೆ ಅದೇ ಚಿಪ್ ಬಟಿ.

ಫೋರ್ಕಿನಿಂದ ಮೀನಿನ ಮೇಲೆ ಒತ್ತಿದೆ. ಹಿಟ್ಟು ಟಕ್ಕೆಂದು ಮುರಿಯಿತು, ಒಳಗಿನಿಂದ ಹಬೆ ಎದ್ದಿತು. ಹಿಟ್ಟಿನ ಒಳಪದರ ತೆಳ್ಳಗೆ, ಹಸಿ ಅಂಟು ಇಲ್ಲ. ಮೀನು ಬೆಳ್ಳಗೆ, ದಳದಳವಾಗಿ ಬಿಡಿಸಿಕೊಂಡಿತು, ಪ್ರತಿ ದಳದ ಮೇಲೂ ತೇವದ ಹೊಳಪು. ಉಪ್ಪು ಮೇಲಿನದ್ದು ಮಾತ್ರ, ಒಳಗೆ ಮೀನಿನದೇ ಸಣ್ಣ ಸಿಹಿ. ಖಾರ ಮಸಾಲೆ ಹಚ್ಚಿದ ಕಾಣೆ, ಬಂಗುಡೆ ತಿಂದು ಬೆಳೆದ ನಾಲಿಗೆಗೆ ಇದು ಮೊದಲ ತುತ್ತಿನಲ್ಲಿ ಸಪ್ಪೆ ಅನ್ನಿಸಿದರೆ ಆಶ್ಚರ್ಯವಿಲ್ಲ. ನನಗೂ ಎರಡನೇ ಮೂರನೇ ತುತ್ತಿನಲ್ಲೇ ಇದರ ದಾರಿ ಹತ್ತಿದ್ದು. ಮಸಾಲೆಯ ಆಸರೆ ಇಲ್ಲದ ಅಡುಗೆ ಇದು. ಮೀನು ಹಳಸಿದ್ದರೆ, ಕೊಬ್ಬು ಹಳೆಯದಾಗಿದ್ದರೆ ಮುಚ್ಚಿಡಲು ಏನೂ ಇರುವುದಿಲ್ಲ. ಹಾಗಾಗಿ ಚೆನ್ನಾಗಿ ಬಂದಾಗ ಮಾಡಿದವರ ಕೈಗೆ ಪೂರ್ತಿ ಮಾರ್ಕು ಕೊಡಬೇಕು.

ಬಟಾಣಿಯ ಬಟ್ಟಲು ಪಕ್ಕದಲ್ಲಿತ್ತು. ಬಲಿತು ಒಣಗಿದ ದಪ್ಪ ಬಟಾಣಿಯನ್ನು ಅಡಿಗೆ ಸೋಡಾ ಹಾಕಿ ರಾತ್ರಿಯಿಡೀ ನೆನೆಸಿ, ಮುದ್ದೆಯಾಗುವ ತನಕ ಬೇಯಿಸಿದ್ದು. ಯಾರ್ಕ್‌ಶೈರಿನಲ್ಲಿ ಅದಕ್ಕೆ ಪುದೀನ ಸಾಸ್ ಸೇರಿಸುತ್ತಾರೆ. ಕರಿ ಸಾಸನ್ನೂ ಸ್ವಲ್ಪ ರುಚಿ ನೋಡಿದೆ. ಹಳದಿ, ಸಿಹಿ, ದಪ್ಪ. ಇದು ಭಾರತದ ಅಡುಗೆಯಿಂದ ನೇರವಾಗಿ ಬಂದದ್ದಲ್ಲ, ಚೀನೀ ಮೂಲದ ಅಂಗಡಿಗಳ ಮೂಲಕ ಹಬ್ಬಿದ ರುಚಿ. ಈ ಕಸುಬನ್ನು ಬೆಳೆಸಿದವರಲ್ಲಿ ವಲಸೆ ಬಂದವರ ಪಾಲು ಆರಂಭದಿಂದಲೂ ದೊಡ್ಡದು: ಮೀನು ಕರಿದ ಯಹೂದಿಗಳು, ಸ್ಕಾಟ್ಲೆಂಡಿನಲ್ಲಿ ಇಟಲಿಯವರು, ಲಂಡನ್ನಿನಲ್ಲಿ ಸೈಪ್ರಸ್ಸಿನ ಗ್ರೀಕರು, ಆಮೇಲೆ ಚೀನೀಯರು. ಇಂಗ್ಲಿಷರ ಹೆಮ್ಮೆಯ ಊಟಕ್ಕೆ ಇಷ್ಟೊಂದು ಕೈಗಳು ಸೇರಿವೆ ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ.

ಹೊಟ್ಟೆ ತುಂಬಿಸಿಕೊಂಡು ಓಣಿಯ ಇನ್ನೊಂದು ತುದಿಯಿಂದ ಬಂದರಿಗೆ ಇಳಿದೆ. ಈ ಮೀನು ಈ ಬಂದರಿಗೇ ಬಂದದ್ದೇ ಎಂದು ನೋಡುವ ಕುತೂಹಲ. ಧಕ್ಕೆಯ ಮೇಲೆ ಪೇರಿಸಿಟ್ಟಿದ್ದದ್ದು ಬಲೆ ಹೆಣೆದ ಬುಟ್ಟಿಗಳು, ಏಡಿ ಮತ್ತು ಲಾಬ್‌ಸ್ಟರ್ ಹಿಡಿಯುವಂಥವು. ಹ್ಯಾಡಕ್ ಹೇರಿದ ಒಂದು ದೋಣಿಯೂ ಕಾಣಲಿಲ್ಲ. ಕಾರಣ ಹಳೆಯದು. ಹಲ್, ಗ್ರಿಮ್ಸ್‌ಬಿ ಬಂದರುಗಳ ಹಡಗುಗಳು ಐಸ್‌ಲೆಂಡಿನ ಸುತ್ತಲಿನ ನೀರಿನಲ್ಲಿ ಮೀನು ಹಿಡಿಯುತ್ತಿದ್ದವು. ಐಸ್‌ಲೆಂಡ್ ತನ್ನ ಗಡಿ ವಿಸ್ತರಿಸುತ್ತಾ ಹೋಯಿತು, 1958ರಿಂದ 1976ರ ನಡುವೆ ಎರಡು ದೇಶಗಳ ನಡುವೆ ಮೂರು ಸಲ ಜಗಳ ನಡೆಯಿತು. ಕೊನೆಗೆ 200 ನಾಟಿಕಲ್ ಮೈಲಿಯ ಗಡಿಯನ್ನು ಬ್ರಿಟನ್ ಒಪ್ಪಬೇಕಾಯಿತು. ದೂರದ ನೀರಿಗೆ ಹೋಗುತ್ತಿದ್ದ ಹಡಗುಗಳ ಕಾಲ ಅಲ್ಲಿಗೆ ಬಹುಪಾಲು ಮುಗಿಯಿತು. ಉತ್ತರ ಸಮುದ್ರದ ಕಾಡ್ ಅತಿಯಾದ ಬೇಟೆಯಿಂದ ಕ್ಷೀಣಿಸಿತು.

ಇವತ್ತು ಈ ಅಂಗಡಿಗಳಿಗೆ ಬರುವ ಕಾಡ್, ಹ್ಯಾಡಕ್‌ಗಳಲ್ಲಿ ಬಹುಪಾಲು ನಾರ್ವೆ, ಐಸ್‌ಲೆಂಡ್ ಮತ್ತು ಬ್ಯಾರೆಂಟ್ಸ್ ಸಮುದ್ರದವು. ಸ್ಕಾಟ್ಲೆಂಡಿನ ಬಂದರುಗಳಿಂದ ತಾಜಾ ಹ್ಯಾಡಕ್ ತರಿಸುವವರೂ ಇದ್ದಾರೆ. ಹಡಗಿನಲ್ಲೇ ಸೀಳಿ, ಹಿಡಿದ ಕೆಲವೇ ಗಂಟೆಗಳಲ್ಲಿ ಹೆಪ್ಪುಗಟ್ಟಿಸಿದ ಮೀನು ಕೆಟ್ಟದ್ದಲ್ಲ, ಐಸಿನ ಮೇಲೆ ದಿನಗಟ್ಟಲೆ ಇದ್ದ ‘ತಾಜಾ’ ಮೀನಿಗಿಂತ ಎಷ್ಟೋ ಮೇಲು. ಹಾಗಾಗಿ ‘ಇಲ್ಲಿಯ ಸಮುದ್ರದ್ದು’ ಎಂಬ ಮಾತಿಗಿಂತ ‘ಎಲ್ಲಿಯದು, ಹೇಗೆ ಬಂತು’ ಎಂಬುದಕ್ಕೆ ಸ್ಪಷ್ಟ ಉತ್ತರ ಕೊಡುವ ಅಂಗಡಿ ವಾಸಿ. ಬೆಲೆಯ ಮಾತಿಗೆ ಬಂದರೆ, ಮೀನು ಮತ್ತು ಚಿಪ್ಸಿನ ಒಂದು ಪಾಲಿಗೆ ಈಗ 10 ಪೌಂಡ್ ದಾಟುವುದು ಸಾಮಾನ್ಯವಾಗಿದೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಸೂರ್ಯಕಾಂತಿ ಎಣ್ಣೆ, ಗ್ಯಾಸು ಎರಡೂ ದುಬಾರಿಯಾದವು, ರಷ್ಯಾದ ಬಿಳಿಮೀನಿನ ಮೇಲೆ ಬ್ರಿಟನ್ 35% ಸುಂಕ ಹೇರಿತು. ಬ್ಯಾರೆಂಟ್ಸ್ ಸಮುದ್ರದಲ್ಲಿ ಹಿಡಿಯಬಹುದಾದ ಕಾಡ್ ಪ್ರಮಾಣವನ್ನೂ ವರ್ಷ ವರ್ಷ ಇಳಿಸುತ್ತಾ ಬಂದಿದ್ದಾರೆ. ಫಿಶ್ ಅಂಡ್ ಚಿಪ್ಸ್ ಬಡವರ ಊಟವಾಗಿ ಉಳಿಯಬೇಕೆಂದು ಬಯಸುವವನಿಗೆ ಆ ಬೆಲೆ ಪಟ್ಟಿ ನೋವು ಕೊಡುತ್ತದೆ. ಆದರೆ ಬೆಲೆ ಏರಿಸಿದ್ದಕ್ಕೆ ಅಂಗಡಿಯವರನ್ನು ದೂರಲಾರೆ.

ನಿಲ್ದಾಣಕ್ಕೆ ಹಿಂದಿರುಗುವ ಬೇರೆ ದಾರಿಯಲ್ಲಿ ಇನ್ನೊಂದು ಅಂಗಡಿ ಸಿಕ್ಕಿತು. ಬಾಗಿಲಲ್ಲೇ ‘ಸಸ್ಯದೆಣ್ಣೆ ಮಾತ್ರ’ ಎಂದು ಬರೆದಿತ್ತು. ವಿಚಾರಿಸಿದರೆ, ಚಿಪ್ಸಿಗೆ ಬೇರೆಯದೇ ಬಾಣಲೆ ಇದೆ ಎಂದು ತೋರಿಸಿದರು. ಸಣ್ಣ ಪಾಲು ಚಿಪ್ಸ್ ಕೊಂಡು ತಿಂದೆ. ಕೊಬ್ಬಿನ ಗಾಢ ರುಚಿ ಇರಲಿಲ್ಲ, ಆಲೂಗಡ್ಡೆಯ ರುಚಿ ಹೆಚ್ಚು ತಿಳಿಯಿತು. ಗರಿಯೂ ಇತ್ತು, ಬಿಸಿಯೂ ಇತ್ತು. ಯಾವುದು ಮೇಲು ಎಂದು ತೀರ್ಪು ಕೊಡಲು ನನಗೆ ಸಾಧ್ಯವಾಗಲಿಲ್ಲ. ಯಾರ್ಕ್‌ಶೈರಿನವರು ಕೊಬ್ಬಿನ ಪರ ನಿಲ್ಲುತ್ತಾರೆ, ನಮ್ಮ ಸಸ್ಯಾಹಾರಿ ಸ್ನೇಹಿತರನ್ನು ನಾನು ಧೈರ್ಯವಾಗಿ ಇಲ್ಲಿಗೆ ಕರೆತರುತ್ತೇನೆ. ಕಾವು ಸರಿಯಿದ್ದು, ಹೊತ್ತಿಗೆ ಸರಿಯಾಗಿ ಕರಿದು ಕೊಟ್ಟರೆ ಎರಡೂ ಒಳ್ಳೆಯವೇ.

ಈ ನಡಿಗೆಯಿಂದ ನನಗೆ ಖಚಿತವಾದದ್ದು ಒಂದು. ಈ ಊಟದಲ್ಲಿ ಸಂಪ್ರದಾಯ ಅಂದರೆ ಹಳೆಯ ಫಲಕವೂ ಅಲ್ಲ, ಗೋಡೆಯ ಲಂಗರು ಚಿತ್ರವೂ ಅಲ್ಲ. ಕೆಲವೇ ಪದಾರ್ಥ ಇಟ್ಟುಕೊಂಡು, ಪ್ರತಿಯೊಂದನ್ನೂ ಅಂಗಡಿಯಲ್ಲೇ ತಯಾರಿಸಿ, ಗಿರಾಕಿ ಕೇಳಿದ ಮೇಲೆ ಕರಿದು ಕೊಡುವುದೇ ಸಂಪ್ರದಾಯ. ಅದನ್ನು ಗುರುತಿಸಲು ವಿಶೇಷ ಪರಿಣತಿ ಬೇಡ. ಪಟ್ಟಿ ಚಿಕ್ಕದಿದೆಯೇ ನೋಡಿ. ಆಲೂಗಡ್ಡೆ ಚೀಲದಲ್ಲಿ ಬರುತ್ತದೋ ಫ್ರೀಜರಿನಲ್ಲೋ ನೋಡಿ. ಸರದಿಯಲ್ಲಿ ಊರಿನವರಿದ್ದಾರೆಯೇ ನೋಡಿ. ಯಾವುದರಲ್ಲಿ ಕರಿಯುತ್ತೀರಿ ಎಂದು ಬಾಯಿಬಿಟ್ಟು ಕೇಳಿ. ಕೆಲವು ನಿಮಿಷ ಕಾಯಬೇಕು ಎಂದರೆ ಸಂತೋಷದಿಂದ ಕಾಯಿರಿ. ಕೈಗೆ ಬಂದ ಮೇಲೆ ಮನೆಗೋ ಹೋಟೆಲಿಗೋ ಒಯ್ಯಬೇಡಿ. ಅಲ್ಲೇ ಕೂತು, ಬಿಸಿ ಇರುವಾಗಲೇ ತಿಂದು ಮುಗಿಸಿ. ಆಮೇಲೂ ಇಷ್ಟವಾಗದಿದ್ದರೆ ಅದು ನಿಮ್ಮ ನಾಲಿಗೆಯ ಆಯ್ಕೆ, ಯಾರೂ ತಪ್ಪೆನ್ನಲಾರರು. ಆದರೆ ಆ ತೀರ್ಪನ್ನು ಒಳ್ಳೆಯ ಕೈ ಕರಿದ ಮೀನು ತಿಂದ ಮೇಲೆ ಕೊಡಿ.